ಆರು ತಿಂಗಳಿಗೆಂದು ಕಟ್ಟಿದ ಶೆಡ್ಡು

2019ರ ಆಗಸ್ಟ್. ಪಟ್ಟದಕಲ್ಲಿನ ಗುಡಿಗಳಿಗೂ ಮಲಪ್ರಭೆಯ ನೀರು ನುಗ್ಗಿದ ವರ್ಷ. ಬಾದಾಮಿ ತಾಲ್ಲೂಕಿನ ಒಂದು ಹಳ್ಳಿಗೆ ನಾನು ಹೋಗುವ ಹೊತ್ತಿಗೆ ಹೊಳೆ ಇಳಿದಿತ್ತು, ಆದರೆ ಮನೆಗಳು ಇನ್ನೂ ಬೀಳುತ್ತಿದ್ದವು. ಮಣ್ಣಿನ ಗೋಡೆ ಎಷ್ಟೋ ಸಲ ನೀರಲ್ಲಿ ನಿಂತಾಗ ತಡೆದುಕೊಂಡು, ನೀರು ಹೋದ ಮೇಲೆ ಸದ್ದಿಲ್ಲದೆ ಕುಸಿಯುತ್ತದೆ. ನಾನು ಸಿವಿಲ್ ಎಂಜಿನಿಯರ್. ಗೆಳೆಯರು ಕೂಡಿಸಿದ ದುಡ್ಡಲ್ಲಿ ಹನ್ನೆರಡು ಶೆಡ್ ಕಟ್ಟಿಸುವ ಕೆಲಸ ನನ್ನ ಪಾಲಿಗೆ ಬಂತು.

ನಕ್ಷೆ ಬೆಂಗಳೂರಿಂದಲೇ ಬರೆದುಕೊಂಡು ಹೋಗಿದ್ದೆ. 10 ಅಡಿ ಅಗಲ, 20 ಅಡಿ ಉದ್ದ. ಪರಿಹಾರ ಕೆಲಸದವರು ಬಳಸುವ ಸ್ಫಿಯರ್ ಕೈಪಿಡಿಯಲ್ಲಿ ತಲೆಗೆ ಕನಿಷ್ಠ 3.5 ಚದರ ಮೀಟರ್ ಜಾಗ ಬೇಕು ಅಂತಿದೆ. ಐದು ಜನರ ಮನೆಗೆ ಲೆಕ್ಕ ಸರಿಹೋಗಿತ್ತು. ನಕ್ಷೆ ಬಿಡಿಸಿ ತೋರಿಸಿದೆ. ಒಬ್ಬ ಅವ್ವ ನೋಡಿ, "ಚಲೋ ಐತಿ ಸರ. ಎಮ್ಮಿ ಎಲ್ಲಿ ಕಟ್ಟೂದು?" ಅಂದಳು.

ಆ ಕಡೆಯ ಹಳೇ ಮನೆಗಳಲ್ಲಿ ಬಾಗಿಲು ದಾಟಿದರೆ ಮೊದಲು ದನ, ಆಮೇಲೆ ಒಂದು ಮೆಟ್ಟಿಲು ಮೇಲೆ ಮನುಷ್ಯರು. ಹೊಳೆ ಬಂದಾಗ ಎಷ್ಟೋ ಜನ ಊರು ಬಿಡಲು ತಡಮಾಡಿದ್ದೂ ದನಗಳಿಗಾಗಿಯೇ. ಅಂಥವರಿಗೆ ದನ ಬಿಟ್ಟು ಮನೆ ಬರೆದಿದ್ದೆ. ಮುಂದಿನ ಮಾಡನ್ನು ಇನ್ನೂ ಆರಡಿ ಚಾಚಿದೆವು. ದನ ಅದರ ಕೆಳಗೆ. ಇನ್ನೊಂದು ತುದಿಗೆ ಒಲೆ, ಪಕ್ಕದಲ್ಲಿ ಕೂತು ರೊಟ್ಟಿ ಬಡಿಯುವಷ್ಟು ಜಾಗ.

ಸಿಕ್ಕಿದ ಜಾಗ ಎರೆಭೂಮಿ, ಅಂದರೆ ಕಪ್ಪು ಮಣ್ಣಿನ ನೆಲ. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಸಿಮೆಂಟ್ ಹಾಕಿದರೆ ಸೀಳುವುದು ಗ್ಯಾರಂಟಿ. ಅದಕ್ಕೆ ಎರೆಮಣ್ಣು ಎರಡಡಿ ತೆಗೆದು, ಗೊಬ್ಬರದ ಖಾಲಿ ಚೀಲಗಳಿಗೆ ಗರಸು (ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು) ತುಂಬಿ ಸಾಲಾಗಿ ಜೋಡಿಸಿದೆವು. ಮೇಲೆ ಬಿದ್ದ ಮನೆಗಳದೇ ಕಲ್ಲು ತಂದು ಒಂದೂವರೆ ಅಡಿ ಕಟ್ಟೆ. ಸಿಮೆಂಟಿನ ಒಂದು ಚೀಲವೂ ಬೇಕಾಗಲಿಲ್ಲ.

ಜಾಸ್ತಿ ತಲೆ ಕೆಡಿಸಿದ್ದು ಬಿದಿರು. ಹಸಿ ಬಿದಿರಿಗೆ ಕುಟ್ಟೆಹುಳ ಬಂದರೆ ಒಂದೇ ವರ್ಷದಲ್ಲಿ ಪುಡಿ ಉದುರುತ್ತದೆ. ಉದ್ದ ತಗ್ಗು ತೋಡಿ ತಾಡಪತ್ರಿ ಹಾಸಿದೆವು. ನೂರು ಲೀಟರ್ ನೀರಿಗೆ 3 ಕೆಜಿ ಬೊರಾಕ್ಸ್, 2 ಕೆಜಿ ಬೋರಿಕ್ ಆಸಿಡ್. ಗಣ್ಣಿನೊಳಗೆ ನೀರು ಹೋಗಬೇಕಲ್ಲ, ಉದ್ದ ಸಲಾಕೆಯಿಂದ ಒಳಗಿನ ತಡೆಗಳನ್ನೆಲ್ಲ ತೂತು ಮಾಡಿದೆವು. ಒಂದು ವಾರ ಮುಳುಗಿಸಿ, ನೆರಳಲ್ಲಿ ಒಣಗಿಸಿದ್ದು. ಮಳೆ ಬಡಿದರೆ ಈ ಔಷಧ ತೊಳೆದುಹೋಗುತ್ತದೆ. ಹಾಗಾಗಿ ಕಂಬದ ಬುಡ ಮಣ್ಣಿಗೆ ತಾಗಿಸದೆ ಕಲ್ಲಿನ ಮೇಲೆ ನಿಲ್ಲಿಸಿದೆವು, ಉಳಿದ ಮೂರು ಕಡೆಯೂ ಮಾಡು ಗೋಡೆಯಿಂದ ಎರಡಡಿ ಹೊರಗೆ ಬಂತು. ಕೀಲುಗಳಿಗೆ ಮೊಳೆ ಬೇಡ, ನಟ್ಟು ಬೋಲ್ಟೇ ಬೇಕು ಅಂತ ಹಠ ಹಿಡಿದೆ. ಮೊಳೆ ಹೊಡೆದರೆ ಬಿದಿರು ಸೀಳುತ್ತದೆ, ಮುಂದೆ ಬಿಚ್ಚೋಕೂ ಆಗಲ್ಲ. "ಎಂಜಿನಿಯರ್ ಸಾಹೇಬ್ರು ಸೈಕಲ್ ಜೋಡ್ಸಾಕ್ಹತ್ಯಾರ" ಅಂತ ಗೌಂಡಿ ನಕ್ಕ.

ಗೋಡೆಗೆ ಮೇದಾರರು ಹೆಣೆದ ತಟ್ಟಿ, ಅದಕ್ಕೆ ಮಣ್ಣು-ಸಗಣಿ ಗಿಲಾವು. ಸೂರಿಗೆ ತಗಡು ಬಿಟ್ಟು ಬೇರೆ ಗತಿಯಿರಲಿಲ್ಲ. ಪಕ್ಕದಲ್ಲೇ ನಿಂತಿದ್ದ ಬರೀ ಪತ್ರಾಸ್ ಶೆಡ್ಡುಗಳಲ್ಲಿ ಮಧ್ಯಾಹ್ನ ಯಾರೂ ಇರುತ್ತಿರಲಿಲ್ಲ, ಬೇವಿನ ಮರದ ಕೆಳಗೆ ಕೂತಿರುತ್ತಿದ್ದರು. ನಾವು ತಗಡಿನ ಕೆಳಗೆ ಒಂದಡಿ ಬಿಟ್ಟು ಇನ್ನೊಂದು ತಟ್ಟಿ ಕಟ್ಟಿದೆವು. ಎರಡೂ ತುದಿ ಖಾಲಿ ಬಿಟ್ಟಿದ್ದರಿಂದ ಬಿಸಿಗಾಳಿ ನಡುವಿಂದ ಹೊರಗೆ ಹೋಗುತ್ತಿತ್ತು. ಥರ್ಮಾಮೀಟರ್ ಹಿಡಿದು ಅಳೆಯಲಿಲ್ಲ. ಏಪ್ರಿಲ್‌ನಲ್ಲಿ ಒಬ್ಬರು ಕಳಿಸಿದ ಫೋಟೋದಲ್ಲಿ ಅದೇ ಅವ್ವ ನಡುಮಧ್ಯಾಹ್ನ ಒಳಗೆ ಮಲಗಿದ್ದಳು. ಅಷ್ಟು ಸಾಕಾಯ್ತು.

ಎಡವಿದ್ದು ಗಾಳಿಯ ವಿಷಯದಲ್ಲಿ. "ತಗಡಿನ ಮ್ಯಾಲ ಕಲ್ಲು ಹೇರ್ರಿ" ಅಂತ ಒಬ್ಬ ಮುದುಕರು ಹೇಳಿದ್ದರು. ಕಲ್ಲು ಜಾರಿ ತಲೆ ಮೇಲೆ ಬಿದ್ದರೆ ಅಂತ ಹೆದರಿ ನಾನು ಅವರ ಮಾತು ಕೇಳಲಿಲ್ಲ. ಮೇ ತಿಂಗಳ ಅಡ್ಡಗಾಳಿಗೆ ಎರಡು ಶೆಡ್ಡಿನ ಮಾಡು ಎದ್ದೇ ಹೋಯ್ತು. ದನಕ್ಕೆಂದು ಚಾಚಿದ ಆ ಆರಡಿಯೇ ಗಾಳಿಗೆ ಹಿಡಿ ಕೊಟ್ಟಿತ್ತು. ಲಾಕ್‌ಡೌನ್ ಸಮಯ, ನಾನು ಹೋಗುವಂತಿರಲಿಲ್ಲ. ಫೋನಲ್ಲೇ ಹೇಳಿ, ಮಾಡಿನ ಮೂಲೆಗಳಿಂದ ದಪ್ಪ ತಂತಿ ಇಳಿಸಿ, ಕಲ್ಲು ತುಂಬಿದ ಚೀಲಗಳನ್ನು ನೆಲದಲ್ಲಿ ಹೂತು ಬಿಗಿಸಿದ್ದಾಯ್ತು. ಮುದುಕರ ಕಲ್ಲೇ ಗೆದ್ದಿತು, ಮೇಲಿರಬೇಕಾದ್ದು ಕೆಳಗೆ ಬಂತು ಅಷ್ಟೇ.

ಆರು ತಿಂಗಳಿಗೆಂದು ಕಟ್ಟಿದ್ದು. ಪೂರ್ತಿ ಬಿದ್ದ ಮನೆಗೆ ಸರ್ಕಾರದ 5 ಲಕ್ಷ ಕಂತಿನಲ್ಲಿ ಬರಬೇಕಿತ್ತು, ನಡುವೆ ಕೊರೊನಾ. ಹೆಚ್ಚಿನವರು ಎರಡು ವರ್ಷ ಅಲ್ಲೇ ಇದ್ದರು. ಕೊನೆಗೆ ಬಿಚ್ಚುವ ದಿನ ಗೌಂಡಿಯೇ ಪಾನಾ ಹಿಡಿದು ಬಂದ. ತಗಡು, ಬಿದಿರು ಹೊಸ ಮನೆಗಳ ಹಿತ್ತಲಿಗೆ ಹೋಗಿ ಕೊಟ್ಟಿಗೆ ಆದವು. ಬೋಲ್ಟುಗಳನ್ನು ಎಣಿಸಿ ಒಂದು ಎಣ್ಣೆ ಡಬ್ಬಿಗೆ ಹಾಕಿಟ್ಟ. "ಇರ್ಲಿ ಸರ, ಹೊಳಿ ಮತ್ತ ಬರ್ತೈತಿ" ಅಂದ.