ಅನಲಿಸ್ಟ್ ಕೆಲಸದ ಆಫರ್ ಲೆಟರ್ ಓದುವುದು ಹೇಗೆ?

ಅಕ್ಕನ ಮಗನಿಗೆ ಬೆಂಗಳೂರಿನಲ್ಲಿ ಹಣಕಾಸು ಅನಲಿಸ್ಟ್ ಕೆಲಸ ಸಿಕ್ಕಿತು, ವರ್ಷಕ್ಕೆ ಒಂಬತ್ತು ಲಕ್ಷ. ಹನ್ನೆರಡರಿಂದ ಭಾಗಿಸಿ ತಿಂಗಳಿಗೆ 75,000 ಎಂದುಕೊಂಡು, ಅದಕ್ಕೆ ತಕ್ಕ ಬಾಡಿಗೆ ಮನೆಗೆ ಅಡ್ವಾನ್ಸ್ ಕೊಟ್ಟುಬಿಟ್ಟ. ಮೊದಲ ತಿಂಗಳು ಜಾಯ್ನಿಂಗ್ ಬೋನಸ್ ಸೇರಿದ್ದರಿಂದ ಗೊತ್ತಾಗಲಿಲ್ಲ. ಎರಡನೇ ತಿಂಗಳು ಖಾತೆಗೆ ಬಿದ್ದದ್ದು ಐವತ್ತು ಸಾವಿರ ಚಿಲ್ಲರೆ. ಇಂಥ ಪತ್ರ ಹಿಡಿದು ಬರುವವರು ಪ್ರತಿ ಜೂನ್‌ನಲ್ಲೂ ಇದ್ದಾರೆ.

ಹೆಜ್ಜೆ 1: ಹುದ್ದೆಯ ಹೆಸರನ್ನು ನಂಬಬೇಡಿ. ಬ್ಯಾಂಕುಗಳಲ್ಲಿ ‘ಅನಲಿಸ್ಟ್’ ಎಷ್ಟೋ ಸಲ ಬರಿಯ ದರ್ಜೆ. ಹೊರವರ್ತುಲ ರಸ್ತೆಯ ಕಚೇರಿಯಲ್ಲಿ ಕುಳಿತು ವಹಿವಾಟಿನ ಲೆಕ್ಕ ತಾಳೆ ನೋಡುವವನೂ ಅನಲಿಸ್ಟ್, ಮುಂಬೈಯಲ್ಲಿ ಮ್ಯೂಚುವಲ್ ಫಂಡ್‌ಗಾಗಿ ಕಂಪನಿಗಳನ್ನು ಅಳೆಯುವವನೂ ಅನಲಿಸ್ಟ್. ‘ನಾನು ಮಾಡುವ ಮಾಡೆಲ್ (ಕಂಪನಿಯ ಮುಂದಿನ ಗಳಿಕೆ ಅಂದಾಜಿಸುವ ಲೆಕ್ಕದ ಹಾಳೆ) ಯಾರ ಕೈಗೆ ಹೋಗುತ್ತದೆ?’ ಎಂದು ಸಂದರ್ಶನದಲ್ಲೇ ಕೇಳಿ. ವಾರ್ಷಿಕ ವರದಿಯ ಅಂಕಿಗಳನ್ನು ಎಕ್ಸೆಲ್‌ಗೆ ತುಂಬುವ ‘ಸ್ಪ್ರೆಡಿಂಗ್’ ಮಾತ್ರವಾದರೆ ಬೇಡವೆನ್ನಿ. ಸಾಫ್ಟ್‌ವೇರ್ ಆ ಕುರ್ಚಿಯನ್ನು ಆಗಲೇ ಎಳೆಯುತ್ತಿದೆ. ವರದಿಯ ಕೊನೆಯ ಟಿಪ್ಪಣಿಗಳಲ್ಲಿ ಸಾಲ ಎಲ್ಲಿ ಅಡಗಿದೆ ಎಂದು ಹುಡುಕುವವರಿಗೆ ಇನ್ನೂ ಬೆಲೆಯಿದೆ.

ಹೆಜ್ಜೆ 2: ಪೆನ್ಸಿಲ್ ಹಿಡಿಯಿರಿ. ಎಡವುವುದು ಇಲ್ಲೇ. ನಮ್ಮ ಹುಡುಗನ ಪತ್ರವನ್ನೇ ನೋಡೋಣ. ಒಂಬತ್ತು ಲಕ್ಷದಲ್ಲಿ ‘ವೇರಿಯಬಲ್’ 1,00,000. ವರ್ಷದ ಕೊನೆಗೆ, ಅದೂ ಬಾಸ್ ಮನಸ್ಸು ಮಾಡಿದರೆ. ಜಾಯ್ನಿಂಗ್ ಬೋನಸ್ 50,000. ಒಂದೇ ಸಲ, ವರ್ಷದೊಳಗೆ ಬಿಟ್ಟರೆ ವಾಪಸ್. ಮೂಲ ವೇತನ 4,50,000. ಅದರ ಶೇ 12, ಅಂದರೆ 54,000, ಕಂಪನಿಯ ಪಾಲಿನ ಪಿಎಫ್, ಶೇ 4.81, ಅಂದರೆ 21,645, ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಗಾಗಿ ಕೊಡುವ ಇಡಿಗಂಟು). ಕಾಯಂ ನೌಕರನಿಗೆ ಇದು ದಕ್ಕುವುದು ಸಾಮಾನ್ಯವಾಗಿ ಐದು ವರ್ಷ ತುಂಬಿದ ಮೇಲೆ, ಆದರೂ ‘ನಿಮ್ಮ ಸಂಬಳ’ ಎಂದು ಎಣಿಸಿರುತ್ತಾರೆ. ವಿಮೆಯ ಕಂತು 10,000. ಉಳಿದದ್ದು 6,64,355. ಅದರಲ್ಲಿ ನಿಮ್ಮ ಪಾಲಿನ ಪಿಎಫ್ ಮತ್ತೊಂದು 54,000, ವೃತ್ತಿ ತೆರಿಗೆ 2,500 ಕಳೆಯಿರಿ. ಹನ್ನೆರಡರಿಂದ ಭಾಗಿಸಿ: ತಿಂಗಳಿಗೆ 50,650ರ ಆಸುಪಾಸು. ಹೊಸ ತೆರಿಗೆ ಪದ್ಧತಿಯಲ್ಲಿ 12.75 ಲಕ್ಷದವರೆಗಿನ ಸಂಬಳಕ್ಕೆ ಆದಾಯ ತೆರಿಗೆ ಬೀಳುವುದಿಲ್ಲ, ಅದೊಂದೇ ಸಮಾಧಾನ. ಅಂತರ್ಜಾಲದ ಸಂಬಳ ಕ್ಯಾಲ್ಕುಲೇಟರ್‌ಗಳನ್ನು ಮುಟ್ಟಬೇಡಿ. ನಾನು ನೋಡಿದವು ವೇರಿಯಬಲ್ಲನ್ನೂ ಹನ್ನೆರಡು ತಿಂಗಳಿಗೆ ಹಂಚಿ ತೋರಿಸುತ್ತವೆ.

ಹೆಜ್ಜೆ 3: ನೋಟಿಸ್ ಅವಧಿ 90 ದಿನವೆಂದಿದ್ದರೆ 60ಕ್ಕೆ ಚೌಕಾಸಿ ಮಾಡಿ.

ಹೆಜ್ಜೆ 4: ಮುಂದಿನ ಏಣಿ. ‘ನೂರಕ್ಕೆ ನೂರು ಉದ್ಯೋಗ’ ಎನ್ನುವ ಮೂರು ತಿಂಗಳ ಮಾಡೆಲಿಂಗ್ ಕೋರ್ಸ್‌ಗೆ ಲಕ್ಷ ಸುರಿಯಬೇಡಿ. ಸಂಶೋಧನಾ ವರದಿ ಬರೆಯುವ ಆಸೆಯಿದ್ದರೆ ಮೊದಲು ಷೇರುಪೇಟೆಯ ತರಬೇತಿ ಸಂಸ್ಥೆಯಾದ ಎನ್‌ಐಎಸ್‌ಎಂನ ರಿಸರ್ಚ್ ಅನಲಿಸ್ಟ್ ಪರೀಕ್ಷೆ ಮುಗಿಸಿ. ಷೇರುಪೇಟೆಯ ನಿಯಂತ್ರಕ ಸೆಬಿಯ 2014ರ ನಿಯಮಗಳ ಪ್ರಕಾರ ಆ ಕೆಲಸಕ್ಕೆ ಅದು ಬೇಕೇ ಬೇಕು. ಸಿಎಫ್‌ಎ (ಹಣಕಾಸು ವಿಶ್ಲೇಷಕರ ಅಂತರರಾಷ್ಟ್ರೀಯ ಅರ್ಹತೆ) ಆಮೇಲೆ. ಮೂರು ಹಂತ ಪಾಸಾದರೂ ಸಾಲದು, 4,000 ಗಂಟೆಗಳ ಕೆಲಸದ ಅನುಭವ ತೋರಿಸಿದ ಮೇಲಷ್ಟೇ ಆ ಮೂರಕ್ಷರ ಹೆಸರಿನ ಮುಂದೆ ಬರುತ್ತದೆ. ಪರೀಕ್ಷಾ ಶುಲ್ಕವನ್ನು ಕಂಪನಿಯೇ ಭರಿಸುತ್ತದೆಯೇ ಎಂದು ಸಹಿ ಹಾಕುವ ಮುನ್ನ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ಪಡೆಯಿರಿ.