ತಾಳಮದ್ದಳೆ ಸಂಗ್ರಹಕ್ಕೆ ಮೊಂಗೊಡಿಬಿ: ಪಿಎಚ್‌ಪಿಯಿಂದ ಬಳಸುವುದು ಹೇಗೆ

ತಾಳಮದ್ದಳೆ (ವೇಷವಿಲ್ಲದೆ ಕೂತು, ಹಾಡು ಮತ್ತು ಮಾತಿನಲ್ಲೇ ನಡೆಸುವ ಯಕ್ಷಗಾನ) ಕೇಳುವ ಹುಚ್ಚಿದ್ದ ಮನೆಗಳಲ್ಲಿ ಹಳೇ ಕ್ಯಾಸೆಟ್‌ಗಳು ಇನ್ನೂ ಸಿಗುತ್ತವೆ. ಅವನ್ನು ಡಿಜಿಟಲ್ ಮಾಡಿ, ಯಾರು ಬೇಕಾದರೂ ಹುಡುಕಿ ಕೇಳುವ ಹಾಗೆ ಒಂದು ಸಣ್ಣ ಜಾಲತಾಣ ನಡೆಸುತ್ತಿದ್ದೇನೆ. ಮುಂದೆ ಪಿಎಚ್‌ಪಿ, ಹಿಂದೆ ಮೊಂಗೊಡಿಬಿ ಅನ್ನುವ ಡೇಟಾಬೇಸ್. ಊರಿನ ನಾಟಕ, ಭಜನೆ, ಹಸ್ತಪ್ರತಿ ಅಂತ ಇಂಥದ್ದೇ ಸಂಗ್ರಹ ಮಾಡುವವರು ಇದನ್ನು ಹೇಗೆ ಕಟ್ಟಿದ್ದು ಅಂತ ಕೇಳುತ್ತಿರುತ್ತಾರೆ. ಅವರಿಗಾಗಿ ಬರೆಯುತ್ತಿದ್ದೇನೆ. ಪಿಎಚ್‌ಪಿಯಲ್ಲಿ ಅರೇ ಅಂದರೆ ಏನು ಅಂತ ಗೊತ್ತಿದ್ದರೆ ಸಾಕು.

ಮೊದಲು, ಟೇಬಲ್ ಬಿಟ್ಟು ಮೊಂಗೊಡಿಬಿಯ ಡಾಕ್ಯುಮೆಂಟ್ (ಒಂದರ ವಿವರವೆಲ್ಲ ಒಟ್ಟಿಗಿರುವ ದಾಖಲೆ) ಯಾಕೆ ಅಂತ ಹೇಳಿಬಿಡುತ್ತೇನೆ. ಒಂದು ಕೂಟದಲ್ಲಿ, ಅಂದರೆ ಒಂದು ಪ್ರದರ್ಶನದಲ್ಲಿ, ಪಾತ್ರವಾಗಿ ಮಾತಾಡುವ ನಾಲ್ಕು ಅರ್ಥಧಾರಿಗಳಿರುತ್ತಾರೆ, ಇನ್ನೊಂದರಲ್ಲಿ ಹತ್ತು. ಕೃಷ್ಣನ ಪಾತ್ರವನ್ನು ಮೊದಲರ್ಧ ಒಬ್ಬರು, ಉಳಿದರ್ಧ ಇನ್ನೊಬ್ಬರು ಹೇಳಿರುತ್ತಾರೆ. ಹಾಡುವ ಭಾಗವತರು ಕೆಲವೊಮ್ಮೆ ಒಬ್ಬರು, ಕೆಲವೊಮ್ಮೆ ಇಬ್ಬರು. ಒಂದು ಕ್ಯಾಸೆಟ್ ಮೇಲೆ ಪೂರ್ತಿ ತಾರೀಕಿದೆ, ಇನ್ನೊಂದರ ಮೇಲೆ ವರ್ಷ ಮಾತ್ರ. ಇದನ್ನೆಲ್ಲ ಟೇಬಲ್‌ಗಳ ಡೇಟಾಬೇಸ್ ಆದ ಮೈಎಸ್‌ಕ್ಯೂಎಲ್‌ನಲ್ಲಿ ಇಡೋಕೆ ಆಗಲ್ಲ ಅಂತಲ್ಲ. ಆದರೆ ಒಂದು ಪುಟ ತೋರಿಸಲು ನಾಲ್ಕೈದು ಟೇಬಲ್ ಜೋಡಿಸಬೇಕು, ಅರ್ಧ ಕಾಲಂಗಳು ಖಾಲಿ ಇರುತ್ತವೆ. ನನ್ನ ಪುಟಕ್ಕೆ ಬೇಕಾದದ್ದು ಒಂದೇ: ಈ ಕೂಟದ ಎಲ್ಲ ವಿವರ ಒಟ್ಟಿಗೆ. ಪುಟದಲ್ಲಿ ಯಾವುದನ್ನು ಒಟ್ಟಿಗೆ ಓದುತ್ತೇವೋ ಅದನ್ನು ಒಟ್ಟಿಗೇ ಇಡಿ. ನಾನು ಹಿಡಿದುಕೊಂಡ ನಿಯಮ ಇಷ್ಟೇ, ಮುಂದಿನದೆಲ್ಲ ಇದರಿಂದಲೇ ಬರುತ್ತದೆ.

ಪಿಎಚ್‌ಪಿಯಲ್ಲಿ ವೇರಿಯಬಲ್ ಹೆಸರನ್ನೂ ಅರೇ ಕೀಗಳನ್ನೂ ಕನ್ನಡದಲ್ಲೇ ಬರೆಯಬಹುದು. ಮೊಂಗೊಡಿಬಿಯ ಫೀಲ್ಡ್ ಹೆಸರುಗಳೂ ಯುಟಿಎಫ್-8 ಆದ್ದರಿಂದ ಅಲ್ಲೂ ತೊಂದರೆ ಇಲ್ಲ. ಮಾಹಿತಿ ತುಂಬುವ ಹಿರಿಯರಿಗೆ ಡೇಟಾಬೇಸ್ ತೆರೆದು ತೋರಿಸಿದರೆ ನೇರ ಓದಲು ಬರಬೇಕು ಅನ್ನೋದು ನನ್ನ ಆಸೆ. ಹಾಗಾಗಿ ನನ್ನ ಒಂದು ಕೂಟ ಹೀಗಿರುತ್ತದೆ:

$ಕೂಟ = [
  'ಪ್ರಸಂಗ' => 'ಕೃಷ್ಣ ಸಂಧಾನ',
  'ಊರು' => 'ಸಿದ್ದಾಪುರ',
  'ವರ್ಷ' => 1987,
  'ಹಿಮ್ಮೇಳ' => [
    ['ಕೆಲಸ' => 'ಭಾಗವತಿಕೆ', 'ಕಲಾವಿದ' => 12],
    ['ಕೆಲಸ' => 'ಮದ್ದಳೆ', 'ಕಲಾವಿದ' => 30],
  ],
  'ಮುಮ್ಮೇಳ' => [
    ['ಪಾತ್ರ' => 'ಕೃಷ್ಣ', 'ಕಲಾವಿದ' => 41, 'ಭಾಗ' => 1],
    ['ಪಾತ್ರ' => 'ಕೃಷ್ಣ', 'ಕಲಾವಿದ' => 8, 'ಭಾಗ' => 2],
    ['ಪಾತ್ರ' => 'ಕೌರವ', 'ಕಲಾವಿದ' => 17],
    ['ಪಾತ್ರ' => 'ವಿದುರ', 'ಕಲಾವಿದ' => 22],
  ],
];

ಒಡೆದ ಪಾತ್ರಕ್ಕೆ ಮಾತ್ರ 'ಭಾಗ' ಇದೆ, ಉಳಿದವಕ್ಕೆ ಇಲ್ಲ. ಯಾರೂ ತಕರಾರು ಮಾಡುವುದಿಲ್ಲ. ಕಲಾವಿದರ ಜಾಗದಲ್ಲಿ ಸಂಖ್ಯೆ ಹಾಕಿದ್ದಕ್ಕೆ ಕಾರಣ ಇದೆ. ಒಬ್ಬ ಕಲಾವಿದ ನೂರಾರು ಕೂಟಗಳಲ್ಲಿ ಬರುತ್ತಾರೆ. ಅವರಿಗೆ ಅವರದೇ ಪುಟ ಇದೆ, ಫೋಟೋ ಇದೆ, ಪರಿಚಯ ಇದೆ. ಅದು ಬೇರೆ ಕಲೆಕ್ಷನ್‌ನಲ್ಲಿ (ಡಾಕ್ಯುಮೆಂಟ್‌ಗಳ ಗುಂಪಿನಲ್ಲಿ) ಇರಬೇಕು. ಕೂಟದೊಳಗೆ ಅವರ ಸಂಖ್ಯೆಯ ಜೊತೆ ಹೆಸರಿನ ಒಂದು ನಕಲನ್ನೂ ಇಡುತ್ತೇನೆ (ಮೇಲಿನ ಉದಾಹರಣೆಯಲ್ಲಿ ಅದನ್ನು ಬಿಟ್ಟಿದ್ದೇನೆ), ಆಗ ಕೂಟದ ಪುಟಕ್ಕೆ ಎರಡನೇ ಸಲ ಹುಡುಕುವ ಕೆಲಸ ಇರುವುದಿಲ್ಲ. ಹೆಸರು ತಿದ್ದಬೇಕಾದಾಗ ಎಲ್ಲ ಕಡೆ ತಿದ್ದಬೇಕು, ನಿಜ. ಆದರೆ ಹೆಸರು ತಿದ್ದುವುದು ಅಪರೂಪ, ಪುಟ ತೆರೆಯುವುದು ದಿನಾ.

ಈಗ ಅನುಸ್ಥಾಪನೆ. ಇಲ್ಲಿ ಆಜ್ಞೆಗಳನ್ನು ಓದುವ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರವೇ ಬೇಕು. ಎರಡು ವಸ್ತು ಬೇಕು: ಸಿಯಲ್ಲಿ ಬರೆದ ಎಕ್ಸ್‌ಟೆನ್ಷನ್ ಒಂದು, ಅದರ ಮೇಲೆ ಕೂರುವ ಲೈಬ್ರರಿ ಇನ್ನೊಂದು. ಎಕ್ಸ್‌ಟೆನ್ಷನ್ನನ್ನು ಪೆಕಲ್ ಇನ್‌ಸ್ಟಾಲ್ ಮೊಂಗೊಡಿಬಿ ಅಂತ ಹಾಕಿ, ಪಿಎಚ್‌ಪಿಯ ಇನಿ ಫೈಲ್‌ನಲ್ಲಿ ಅದರ ಸಾಲು ಸೇರಿಸಿ. ಲೈಬ್ರರಿಯನ್ನು ಕಂಪೋಸರ್ ರಿಕ್ವೈರ್ ಮೂಲಕ ತನ್ನಿ. ಹಳೇ ಟ್ಯುಟೋರಿಯಲ್‌ಗಳಲ್ಲಿ ಬರೀ ಮೊಂಗೊ ಅನ್ನುವ ಎಕ್ಸ್‌ಟೆನ್ಷನ್ನೂ ಮೊಂಗೊಕ್ಲೈಂಟ್ ಅನ್ನುವ ಕ್ಲಾಸೂ ಕಂಡರೆ ಆ ಪುಟ ಮುಚ್ಚಿಬಿಡಿ. ಅದು ಪಿಎಚ್‌ಪಿ 7ರಲ್ಲೇ ನಡೆಯುವುದಿಲ್ಲ.

ಟರ್ಮಿನಲ್‌ನಲ್ಲಿ ಎಕ್ಸ್‌ಟೆನ್ಷನ್ ಇದೆ ಅನ್ನುತ್ತದೆ, ಬ್ರೌಸರ್‌ನಲ್ಲಿ ಇಲ್ಲ ಅನ್ನುತ್ತದೆ. ಜಾಸ್ತಿ ಜನ ಕೇಳುವ ಪ್ರಶ್ನೆ ಇದೇ. ಟರ್ಮಿನಲ್‌ನ ಪಿಎಚ್‌ಪಿಗೂ ವೆಬ್ ಸರ್ವರ್‌ನ ಪಿಎಚ್‌ಪಿಗೂ ಇನಿ ಫೈಲ್ ಸಾಮಾನ್ಯವಾಗಿ ಬೇರೆ ಬೇರೆ ಇರುತ್ತದೆ. ಎರಡರಲ್ಲೂ ಸಾಲು ಸೇರಿಸಿ, ವೆಬ್ ಸರ್ವರ್‌ಗಾಗಿ ಪಿಎಚ್‌ಪಿ ಓಡಿಸುವ ಎಫ್‌ಪಿಎಂ ಅನ್ನು ಮರುಚಾಲನೆ ಮಾಡಿ. ನಿಮ್ಮದು ಅಗ್ಗದ ಶೇರ್ಡ್ ಹೋಸ್ಟಿಂಗ್ ಆಗಿದ್ದರೆ ಎಕ್ಸ್‌ಟೆನ್ಷನ್ ಹಾಕಲು ಬಿಡದೇ ಇರಬಹುದು. ದುಡ್ಡು ಕಟ್ಟುವ ಮುಂಚೆ ಕೇಳಿಕೊಳ್ಳಿ.

ಮೊಂಗೊಡಿಬಿ ಸರ್ವರ್ 27017 ಪೋರ್ಟ್‌ನಲ್ಲಿ ಕೂತಿರುತ್ತದೆ. ಕ್ಲೈಂಟ್ ಆಬ್ಜೆಕ್ಟ್ ಸೃಷ್ಟಿಸಿದ ತಕ್ಷಣ ಅದು ಸಂಪರ್ಕ ಮಾಡುವುದಿಲ್ಲ, ಮೊದಲ ಕೆಲಸ ಕೊಟ್ಟಾಗಲೇ ಮಾಡುವುದು. ಹಾಗಾಗಿ ವಿಳಾಸ ತಪ್ಪಿದ್ದರೂ ಆ ಸಾಲು ಸುಮ್ನೆ ದಾಟಿಹೋಗುತ್ತದೆ. ಪರೀಕ್ಷಿಸಲು ಒಂದು ಪಿಂಗ್ ಕಮಾಂಡ್ ಕಳಿಸಿ ನೋಡಿ. ಸ್ವಂತ ಸರ್ವರ್ ಆಗಿದ್ದರೆ ಪಾಸ್‌ವರ್ಡ್ ಇಡದೆ ಹೊರಗಿನ ಇಂಟರ್ನೆಟ್‌ಗೆ ತೆರೆಯಲೇಬೇಡಿ. 2017ರ ಜನವರಿಯಲ್ಲಿ ಹಾಗೆ ತೆರೆದಿಟ್ಟಿದ್ದ ಸಾವಿರಾರು ಡೇಟಾಬೇಸ್‌ಗಳನ್ನು ಅಳಿಸಿ ಹಣಕ್ಕೆ ಬೇಡಿಕೆ ಇಟ್ಟಿದ್ದರು. ಸರ್ವರ್ ನೋಡಿಕೊಳ್ಳುವ ಗೋಜು ಬೇಡ ಅನ್ನುವವರಿಗೆ ಮೊಂಗೊಡಿಬಿ ಕಂಪನಿಯೇ ನಡೆಸುವ ಅಟ್ಲಾಸ್ ಸೇವೆಯ ಉಚಿತ ಹಂತದಲ್ಲಿ 512 ಎಂಬಿ ಜಾಗ ಸಿಗುತ್ತದೆ. ಬರೀ ಅಕ್ಷರದ ವಿವರಗಳಿಗೆ ಅದು ಧಾರಾಳ.

ದಾಖಲೆ ಸೇರಿಸಲು ಕಲೆಕ್ಷನ್ ಮೇಲೆ ಇನ್ಸರ್ಟ್‌ಒನ್ ಕರೆದು ಮೇಲಿನ ಅರೇ ಕೊಟ್ಟರೆ ಮುಗಿಯಿತು. ಕಲೆಕ್ಷನ್ ಇಲ್ಲದಿದ್ದರೆ ಅದೇ ಹುಟ್ಟಿಕೊಳ್ಳುತ್ತದೆ. ಪ್ರತಿ ದಾಖಲೆಗೂ ಒಂದು ಆಬ್ಜೆಕ್ಟ್‌ಐಡಿ ಬರುತ್ತದೆ, ತೋರಿಸಿದಾಗ 24 ಅಕ್ಷರ. ಯುಆರ್‌ಎಲ್‌ನಿಂದ ಅದನ್ನು ವಾಪಸ್ ಪಡೆದಾಗ ಅದು ಬರೀ ಸ್ಟ್ರಿಂಗ್. ಆಬ್ಜೆಕ್ಟ್‌ಐಡಿ ಕ್ಲಾಸ್‌ನಲ್ಲಿ ಸುತ್ತಿ ಕೊಡದಿದ್ದರೆ ಫೈಂಡ್‌ಒನ್‌ಗೆ ಏನೂ ಸಿಗುವುದಿಲ್ಲ. ಯಾರಾದರೂ ಯುಆರ್‌ಎಲ್ ಕೆಡಿಸಿ ತಂದರೆ ಆ ಕ್ಲಾಸ್ ಎಕ್ಸೆಪ್ಷನ್ ಎಸೆಯುತ್ತದೆ, ಅದನ್ನು ಹಿಡಿದು 404 ಪುಟ ತೋರಿಸಿ.

ವರ್ಷದ ವಿಷಯಕ್ಕೂ ಇದೇ ಮಾತು. ಫಾರಂನಿಂದ ಬರುವುದೆಲ್ಲ ಸ್ಟ್ರಿಂಗ್. ಮೊಂಗೊಡಿಬಿಗೆ '1987' ಬೇರೆ, 1987 ಬೇರೆ. ಒಂದು ಕಡೆ ಹಾಗೆ, ಇನ್ನೊಂದು ಕಡೆ ಹೀಗೆ ಉಳಿಸಿದರೆ 'ತೊಂಬತ್ತಕ್ಕಿಂತ ಹಿಂದಿನ ಕೂಟಗಳು' ಅಂತ ಹುಡುಕಿದಾಗ ಅರ್ಧ ಮಾತ್ರ ಬರುತ್ತವೆ, ಎಲ್ಲೂ ಎರರ್ ಇರುವುದಿಲ್ಲ. ಟೇಬಲ್‌ನ ಕಾವಲು ಇಲ್ಲಿಲ್ಲ, ಆ ಕೆಲಸ ನಿಮ್ಮ ಕೋಡ್‌ನದು. ಉಳಿಸುವ ಮುಂಚೆ ಪ್ರತಿ ಫೀಲ್ಡನ್ನೂ ಇಂಟ್ ಅಥವಾ ಸ್ಟ್ರಿಂಗ್ ಅಂತ ಖಚಿತ ಮಾಡುವ ಒಂದೇ ಫಂಕ್ಷನ್ ಇಟ್ಟುಕೊಳ್ಳಿ, ಎಲ್ಲವೂ ಅದರ ಮೂಲಕವೇ ಹೋಗಲಿ.

ಹುಡುಕಾಟದಲ್ಲಿ ಒಂದು ಕಡೆ ಸ್ವಲ್ಪ ನಿಲ್ಲಬೇಕು. 41ನೇ ಕಲಾವಿದರು ಕೃಷ್ಣನಾಗಿ ಮಾತಾಡಿದ ಕೂಟಗಳು ಬೇಕು ಅಂದುಕೊಳ್ಳಿ. 'ಮುಮ್ಮೇಳ.ಪಾತ್ರ' ಕೃಷ್ಣ, 'ಮುಮ್ಮೇಳ.ಕಲಾವಿದ' 41 ಅಂತ ಎರಡು ಷರತ್ತು ಕೊಟ್ಟರೆ ಸರಿ ಅನ್ನಿಸುತ್ತದೆ ಅಲ್ವಾ? ಆದರೆ ಅವರು ವಿದುರನಾಗಿದ್ದು ಬೇರೆಯವರು ಕೃಷ್ಣನಾಗಿದ್ದ ಕೂಟವೂ ಬಂದುಬಿಡುತ್ತದೆ. ಪಟ್ಟಿಯಲ್ಲಿ ಎಲ್ಲೋ ಒಬ್ಬ ಕೃಷ್ಣ ಇದ್ದಾನೆ, ಎಲ್ಲೋ ಒಂದು 41 ಇದೆ, ಮೊಂಗೊಡಿಬಿಗೆ ಅಷ್ಟೇ ಸಾಕು. ಎರಡೂ ಒಂದೇ ಸಾಲಿನಲ್ಲಿರಬೇಕು ಅಂತ ಹೇಳಲು ಡಾಲರ್ ಎಲಿಮ್‌ಮ್ಯಾಚ್ ಒಳಗೆ ಆ ಎರಡು ಷರತ್ತುಗಳನ್ನು ಇಡಬೇಕು. ಕಲಾವಿದರ ಪುಟ ಬೇಗ ತೆರೆಯಲು 'ಮುಮ್ಮೇಳ.ಕಲಾವಿದ' ಮೇಲೆ ಕ್ರಿಯೇಟ್‌ಇಂಡೆಕ್ಸ್ ಮಾಡಿ. ಪಟ್ಟಿಯೊಳಗಿನ ಪ್ರತಿ ಸಂಖ್ಯೆಗೂ ಅದು ಸೂಚಿ ಕಟ್ಟಿಕೊಳ್ಳುತ್ತದೆ.

ಫೈಂಡ್ ಕೊಡುವುದು ಕರ್ಸರ್, ಅರೇ ಅಲ್ಲ. ಒಂದು ಸಲ ಲೂಪ್ ಓಡಿಸಿದ ಮೇಲೆ ಹಿಂದಕ್ಕೆ ಹೋಗುವುದಿಲ್ಲ. ಎರಡು ಸಲ ಬೇಕಿದ್ದರೆ ಮೊದಲು ಅರೇಗೆ ಇಳಿಸಿಕೊಳ್ಳಿ.

ತಿದ್ದಲು ಅಪ್‌ಡೇಟ್‌ಒನ್. ಡಾಲರ್ ಸೆಟ್ ಫೀಲ್ಡ್ ಬದಲಿಸುತ್ತದೆ, ಡಾಲರ್ ಪುಶ್ ಪಟ್ಟಿಗೆ ಒಬ್ಬ ಕಲಾವಿದರನ್ನು ಸೇರಿಸುತ್ತದೆ. ಪಿಎಚ್‌ಪಿಯವರು ಇಲ್ಲಿ ಒಂದು ಎಚ್ಚರ ಇಟ್ಟುಕೊಳ್ಳಬೇಕು: ಈ ಹೆಸರುಗಳಿಗೆ ಯಾವಾಗಲೂ ಸಿಂಗಲ್ ಕೋಟ್. ಡಬಲ್ ಕೋಟ್ ಹಾಕಿದರೆ ಡಾಲರ್ ಚಿಹ್ನೆ ನೋಡಿದ ಪಿಎಚ್‌ಪಿ ಅದನ್ನು ವೇರಿಯಬಲ್ ಅಂದುಕೊಂಡು ಖಾಲಿ ಮಾಡಿಬಿಡುತ್ತದೆ. ರಿಪ್ಲೇಸ್‌ಒನ್ ಇಡೀ ದಾಖಲೆಯನ್ನೇ ಬದಲಿಸುತ್ತದೆ, ಅದಕ್ಕೆ ಅರ್ಧ ಅರೇ ಕೊಟ್ಟರೆ ಉಳಿದರ್ಧ ಮಾಯ.

ತಾರೀಕು ಪೂರ್ತಿ ಗೊತ್ತಿದ್ದರೆ ಯುಟಿಸಿಡೇಟ್‌ಟೈಮ್ ಆಗಿ ಉಳಿಸಿ. ತೋರಿಸುವಾಗ ಏಷ್ಯಾ ಕೋಲ್ಕತಾ ವಲಯಕ್ಕೆ ತಿರುಗಿಸಲೇಬೇಕು. ಬೆಳಗಿನ ಜಾವ 2 ಗಂಟೆಗೆ, 15ನೇ ತಾರೀಕು ಶುರುವಾದ ಕೂಟ ಯುಟಿಸಿಯಲ್ಲಿ 14ರ ರಾತ್ರಿ 8.30. ರಾತ್ರಿಯಿಡೀ ನಡೆಯುವ ಕಲೆಯ ಸಂಗ್ರಹಕ್ಕೆ ಇದು ಸಣ್ಣ ವಿಷಯವಲ್ಲ.

ಇನ್ನು ಕನ್ನಡದ ಅಕ್ಷರಗಳು. ನನಗೆ ಹೆಚ್ಚು ಕಾಳಜಿ ಇರುವ ಜಾಗ ಇದೇ. ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಇದರ ಸುದ್ದಿ ಸಿಗುವುದು ಕಡಿಮೆ.

ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. 'ಕೃಷ್ಣ' ಪದವನ್ನೇ ನೋಡಿ. ಕ, ಋಕಾರದ ಚಿಹ್ನೆ, ಷ, ವಿರಾಮ (ಒತ್ತಕ್ಷರ ಮಾಡುವ ಚಿಹ್ನೆ), ಣ. ಒಟ್ಟು 5 ಸಂಕೇತ, 15 ಬೈಟ್. ಪಟ್ಟಿಯಲ್ಲಿ ಚಿಕ್ಕದಾಗಿ ತೋರಿಸೋಣ ಅಂತ ಸಬ್‌ಸ್ಟ್ರ್ ಬಳಸಿ 10 ಬೈಟ್ ಕತ್ತರಿಸಿದರೆ ವಿರಾಮದ ಮೂರರಲ್ಲಿ ಒಂದು ಬೈಟ್ ಮಾತ್ರ ಉಳಿಯುತ್ತದೆ. ಅದನ್ನು ಉಳಿಸಲು ಹೋದರೆ ಡ್ರೈವರ್ ಎಕ್ಸೆಪ್ಷನ್ ಎಸೆಯುತ್ತದೆ, ಯಾಕೆಂದರೆ ಅದು ಸರಿಯಾದ ಯುಟಿಎಫ್-8 ಅಲ್ಲ. ಎಂಬಿ ಸಬ್‌ಸ್ಟ್ರ್ ಬಳಸಿದರೆ ಎರರ್ ಬರುವುದಿಲ್ಲ, ಆದರೆ ಕಾಗುಣಿತ ಕಳಚಿಕೊಳ್ಳಬಹುದು. ನಾನು ಕತ್ತರಿಸುವುದು ಪದಗಳ ನಡುವಿನ ಖಾಲಿ ಜಾಗದಲ್ಲಿ ಮಾತ್ರ.

ಎರಡನೆಯದು ಹುಡುಕಾಟ. 'ಭೀಷ್ಮ' ಅಂತ ಹುಡುಕಿದರೆ ಕೆಲವು ದಾಖಲೆಗಳು ಬರುವುದೇ ಇಲ್ಲ, ಪರದೆಯ ಮೇಲೆ ನೋಡಿದರೆ ಎರಡೂ ಒಂದೇ. ಒಳಗೆ ನೋಡಿ: 'ಭೀ'ಯ ದೀರ್ಘವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಗುಡಿಸು ಮತ್ತು ದೀರ್ಘದ ಚಿಹ್ನೆ ಅಂತ ಎರಡಾಗಿಯೂ ಬರೆಯಬಹುದು. ಹಳೇ ಮ್ಯಾಕ್‌ನ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್‌ನಿಂದ ಬಂದ ಫೈಲ್ ಹೆಸರುಗಳಲ್ಲಿ ಎರಡನೇ ಬಗೆ ಇರುತ್ತದೆ. ಡೇಟಾಬೇಸ್‌ಗೆ ಅವು ಬೇರೆ ಬೇರೆ ಪದ. ಪಿಎಚ್‌ಪಿಯ ಇಂಟ್ಲ್ ಎಕ್ಸ್‌ಟೆನ್ಷನ್‌ನಲ್ಲಿರುವ ನಾರ್ಮಲೈಜರ್ ಕ್ಲಾಸ್‌ಗೆ ಕೊಟ್ಟು ಸಿ ರೂಪಕ್ಕೆ ತಂದರೆ ಇದು ಸರಿಹೋಗುತ್ತದೆ. ಇದರ ಜೊತೆ ಕಣ್ಣಿಗೆ ಕಾಣದ ಜೋಡಕಗಳಿವೆ. 'ಕಾರ್ಕಳ'ವನ್ನು ಒಬ್ಬರು ಅರ್ಕಾವೊತ್ತಿನಲ್ಲಿ ಬರೆಯುತ್ತಾರೆ, ಇನ್ನೊಬ್ಬರು ರ ಪೂರ್ತಿ ಕಾಣಿಸಿ ಕೆಳಗೆ ಒತ್ತು ಕೊಡುತ್ತಾರೆ. ಎರಡನೆಯದರಲ್ಲಿ ಶೂನ್ಯ ಅಗಲದ ಜೋಡಕ ಕೂತಿರುತ್ತದೆ.

ಇಬ್ಬರ ಬರಹವನ್ನೂ ಹಾಗೇ ಉಳಿಸಿ, ತಿದ್ದಲು ಹೋಗಬೇಡಿ. ಪಕ್ಕದಲ್ಲಿ 'ಹುಡುಕುಪದ' ಅಂತ ಇನ್ನೊಂದು ಫೀಲ್ಡ್ ಇಡಿ. ನಾರ್ಮಲೈಜ್ ಮಾಡಿ, ಕಾಣದ ಜೋಡಕಗಳನ್ನು ತೆಗೆದ ರೂಪ ಅಲ್ಲಿರಲಿ. ಓದುಗರು ಟೈಪ್ ಮಾಡಿದ್ದನ್ನೂ ಅದೇ ಫಂಕ್ಷನ್ ಮೂಲಕ ಹಾಯಿಸಿ ಹೋಲಿಸಿ. ಪದದ ಮೊದಲ ಭಾಗದಿಂದ ಹುಡುಕುವ ರೆಜೆಕ್ಸ್ ಈ ಫೀಲ್ಡ್‌ನ ಇಂಡೆಕ್ಸನ್ನು ಚೆನ್ನಾಗಿ ಬಳಸಿಕೊಳ್ಳುತ್ತದೆ. ಮೊಂಗೊಡಿಬಿಯ ಟೆಕ್ಸ್ಟ್ ಇಂಡೆಕ್ಸ್‌ಗೆ ಗೊತ್ತಿರುವ ಭಾಷೆಗಳಲ್ಲಿ ಕನ್ನಡ ಇಲ್ಲ. ಅದನ್ನು ಬಳಸುವುದಾದರೆ ಭಾಷೆ 'ನನ್' (ಯಾವುದೂ ಅಲ್ಲ) ಅಂತ ಕೊಡಿ, 'ಕರ್ಣ' ಹುಡುಕಿದರೆ 'ಕರ್ಣನ' ಸಿಗಲಿ ಅಂತ ನಿರೀಕ್ಷೆ ಇಡಬೇಡಿ. ಅಕಾರಾದಿಯಾಗಿ ಜೋಡಿಸಲು ಮಾತ್ರ ಕನ್ನಡದ ಕೊಲೇಷನ್ ಇದೆ, 'ಕೆಎನ್' ಅನ್ನುವ ಎರಡಕ್ಷರದ ಸಂಕೇತ ಕೊಟ್ಟರೆ ಆಯಿತು. ಜೇಸನ್ ಕಳಿಸುವಾಗ ಅನ್‌ಎಸ್ಕೇಪ್ಡ್ ಯುನಿಕೋಡ್ ಆಯ್ಕೆ ಹಾಕಿ, ಇಲ್ಲದಿದ್ದರೆ ಕನ್ನಡದ ಬದಲು ಯು ಮತ್ತು ಅಂಕಿಗಳ ಸಾಲು ಹೋಗುತ್ತದೆ.

ಸುರಕ್ಷತೆಯದು ಒಂದೇ ಮಾತು, ಆದರೆ ಬಿಡಬಾರದ ಮಾತು. ಎಸ್‌ಕ್ಯೂಎಲ್ ಇಲ್ಲ ಅಂದ ಮಾತ್ರಕ್ಕೆ ಇಂಜೆಕ್ಷನ್ (ಹೊರಗಿನವರು ಕ್ವೆರಿಯೊಳಗೆ ತಮ್ಮ ಷರತ್ತು ತೂರಿಸುವುದು) ಇಲ್ಲ ಅಂತಲ್ಲ. ಯುಆರ್‌ಎಲ್‌ನಲ್ಲಿ ಪ್ಯಾರಾಮೀಟರ್ ಹೆಸರಿನ ಕೊನೆಗೆ ಚೌಕ ಕಂಸ ಹಾಕಿದರೆ ಪಿಎಚ್‌ಪಿ ಅದನ್ನು ಅರೇ ಮಾಡುತ್ತದೆ. ಆ ಕಂಸದೊಳಗೆ ಡಾಲರ್ ಎನ್‌ಇ ಬರೆದರೆ ನಿಮ್ಮ ಪಾಸ್‌ವರ್ಡ್ ಹೋಲಿಕೆ 'ಇದಕ್ಕೆ ಸಮವಲ್ಲದ್ದು' ಅಂತ ಬದಲಾಗುತ್ತದೆ, ಬಾಗಿಲು ತೆರೆದುಕೊಳ್ಳುತ್ತದೆ. ಹೊರಗಿನಿಂದ ಬಂದದ್ದು ಸ್ಟ್ರಿಂಗ್ ಹೌದೋ ಅಲ್ಲವೋ ನೋಡಿ, ಅಲ್ಲದಿದ್ದರೆ ಅಲ್ಲೇ ತಿರಸ್ಕರಿಸಿ. ಪಾಸ್‌ವರ್ಡನ್ನಂತೂ ಹ್ಯಾಶ್ ಮಾಡಿ ಪಿಎಚ್‌ಪಿಯಲ್ಲೇ ಪರಿಶೀಲಿಸಿ, ಕ್ವೆರಿಯೊಳಗೆ ತರಬೇಡಿ.

ಧ್ವನಿ ಫೈಲನ್ನು ಡಾಕ್ಯುಮೆಂಟ್‌ನೊಳಗೆ ತುರುಕಬೇಡಿ. ಒಂದು ಡಾಕ್ಯುಮೆಂಟ್‌ನ ಮಿತಿ 16 ಎಂಬಿ. 128 ಕೆಬಿಪಿಎಸ್‌ನ ಎಂಪಿ3 ಒಂದು ಗಂಟೆಗೇ ಸುಮಾರು 58 ಎಂಬಿ ಆಗುತ್ತದೆ. ದೊಡ್ಡ ಫೈಲನ್ನು ತುಂಡು ಮಾಡಿ ಇಡುವ ಗ್ರಿಡ್‌ಎಫ್‌ಎಸ್ ಇದೆ, ಆದರೆ ಫೈಲನ್ನು ಸುಮ್ನೆ ಡಿಸ್ಕ್‌ನಲ್ಲಿಟ್ಟು ಅದರ ವಿಳಾಸವನ್ನು ಮಾತ್ರ ಡಾಕ್ಯುಮೆಂಟ್‌ನಲ್ಲಿ ಬರೆಯುವುದು ಸಲೀಸು. ದೇಣಿಗೆ, ಖರ್ಚಿನ ಲೆಕ್ಕವನ್ನು ನಾನು ಮೈಎಸ್‌ಕ್ಯೂಎಲ್‌ನಲ್ಲೇ ಇಟ್ಟಿದ್ದೇನೆ. ಅಲ್ಲಿ ಪ್ರತಿ ಸಾಲೂ ಒಂದೇ ಥರ ಇರುತ್ತದೆ, ಇರಲೂಬೇಕು.

ಕೊನೆಗೆ ಬ್ಯಾಕಪ್. ಅಟ್ಲಾಸ್‌ನ ಉಚಿತ ಹಂತದಲ್ಲಿ ಅದು ತಾನಾಗಿ ಆಗುವುದಿಲ್ಲ. ಪ್ರತಿ ತೆಗೆಯುವ ಮೊಂಗೊಡಂಪ್ ಅನ್ನು, ಹೇಳಿದ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್‌ಗೆ ಹಾಕಿ ರಾತ್ರಿ ಓಡಿಸಿ, ಪ್ರತಿಯನ್ನು ಬೇರೆ ಯಂತ್ರಕ್ಕೆ ಕಳಿಸಿ. ಆಗಾಗ ಅದನ್ನು ಮೊಂಗೊರಿಸ್ಟೋರ್‌ನಿಂದ ಬೇರೆ ಹೆಸರಿನ ಡೇಟಾಬೇಸ್‌ಗೆ ಇಳಿಸಿ, ಕೂಟಗಳ ಎಣಿಕೆ ತಾಳೆಯಾಗುತ್ತದಾ ನೋಡಿ.