ಹೂಡಿಕೆಗಳ ವರ್ಗೀಕರಣ: ಒಂದು ಪಟ್ಟಿಗೆ ಒಂದೇ ಪ್ರಶ್ನೆ

ಹೂಡಿಕೆಯ ಲೆಕ್ಕವಿಡುವ ತಂತ್ರಾಂಶವನ್ನು ಉತ್ಸಾಹದಿಂದ ಅಳವಡಿಸಿಕೊಂಡು ಮೂರನೆಯ ತಿಂಗಳಿಗೆ ಕೈಬಿಟ್ಟವರನ್ನು ಸಾಕಷ್ಟು ನೋಡಿದ್ದೇನೆ. ಅವರಲ್ಲಿ ಹೆಚ್ಚಿನವರು ಎಡವಿದ್ದು ವರ್ಗೀಕರಣದಲ್ಲಿ. ಈಚೆಗೆ ಬಂಧುವೊಬ್ಬರು ತೋರಿಸಿದ ಕಡತದಲ್ಲಿ ‘ಷೇರು’, ‘ಎಸ್‌ಐಪಿ’, ‘ತೆರಿಗೆ ಉಳಿತಾಯ’, ‘ಮಗಳ ಓದು’, ‘ಡಿಮ್ಯಾಟ್’ ಎಂಬ ಐದು ವರ್ಗಗಳು ಒಂದೇ ಪಟ್ಟಿಯಲ್ಲಿದ್ದವು. ಮಗಳ ಓದಿಗೆಂದು ಎಸ್‌ಐಪಿ (ನಿಯಮಿತ ಕಂತು) ಮೂಲಕ ಕೊಳ್ಳುತ್ತಿದ್ದ ಇಎಲ್‌ಎಸ್‌ಎಸ್ ಎಂಬ ತೆರಿಗೆ ಉಳಿಸುವ ಷೇರು ಫಂಡು ಯಾವುದಕ್ಕೆ ಸೇರಬೇಕೆಂದು ತೋಚದೆ ಅದನ್ನು ಮೂರು ಕಡೆ ಬರೆದಿದ್ದರು. ಒಟ್ಟು ಮೊತ್ತ ಇರುವುದಕ್ಕಿಂತ ಹೆಚ್ಚು ಬಂದದ್ದಕ್ಕೆ ಸಂತೋಷವನ್ನೂ ಪಟ್ಟಿದ್ದರು.

ನಾನು ಬಳಸುವುದು ಪೋರ್ಟ್‌ಫೋಲಿಯೊ ಪರ್ಫಾರ್ಮೆನ್ಸ್ ಎಂಬ ಉಚಿತ, ಮುಕ್ತ ತಂತ್ರಾಂಶವನ್ನು. ಅದರ ಕಡತ ನಮ್ಮ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಹೂಡಿಕೆಯ ವಿವರಗಳನ್ನು ತಾವೇ ತುಂಬಿಕೊಳ್ಳಲು ಇಮೇಲ್ ಪೆಟ್ಟಿಗೆಯನ್ನು ಓದುವ ಅನುಮತಿ ಕೇಳುವ ಮೊಬೈಲ್ ಆ್ಯಪ್‌ಗಳ ಗೊಡವೆ ಬೇಡ. ನಾಲ್ಕು ಸಾಲು ಟೈಪು ಮಾಡುವ ಶ್ರಮ ಉಳಿಸಲು ಅಷ್ಟು ದೊಡ್ಡ ಬೆಲೆ ತೆರಬೇಕಿಲ್ಲ.

ಮೊದಲು ಫಂಡುಗಳ ಹೂಡಿಕೆದಾರರ ದಾಖಲೆ ನೋಡಿಕೊಳ್ಳುವ ಸಂಸ್ಥೆಗಳಾದ ಕ್ಯಾಮ್ಸ್ ಅಥವಾ ಕೆಫಿನ್‌ಟೆಕ್ ಜಾಲತಾಣದಿಂದ ಮ್ಯೂಚುವಲ್ ಫಂಡುಗಳ ಕ್ರೋಡೀಕೃತ ವಿವರಪಟ್ಟಿಯನ್ನು ತರಿಸಿಕೊಳ್ಳಿ. ಫಂಡುಗಳನ್ನು ಹೆಸರಿನಿಂದಲ್ಲ, 12 ಅಕ್ಷರ–ಅಂಕಿಗಳ ಐಎಸ್‌ಐಎನ್ ಸಂಕೇತದಿಂದ ಸೇರಿಸಿ. ಒಂದೇ ಫಂಡಿನ ಡೈರೆಕ್ಟ್ (ನೇರವಾಗಿ ಕೊಳ್ಳುವ) ಮತ್ತು ರೆಗ್ಯುಲರ್ (ಮಧ್ಯವರ್ತಿಯ ಮೂಲಕ ಕೊಳ್ಳುವ) ಪ್ಲಾನುಗಳ ಸಂಕೇತವೂ ಎನ್‌ಎವಿಯೂ (ಒಂದು ಯೂನಿಟ್ಟಿನ ಬೆಲೆ) ಬೇರೆ ಬೇರೆ.

ನಂತರ ತಂತ್ರಾಂಶದಲ್ಲಿ ಖಾತೆಗಳನ್ನು ತೆರೆಯಿರಿ. ಪಿಪಿಎಫ್, ಇಪಿಎಫ್‌ಗಳನ್ನು ನಗದು ಖಾತೆಯಾಗಿ ನಮೂದಿಸಿ, ಬಡ್ಡಿ ಜಮೆಯಾದಾಗ ಬರೆದರೆ ಸಾಕು.

ಇನ್ನು ತೊಡಕಿನ ಭಾಗ. ಈ ತಂತ್ರಾಂಶದಲ್ಲಿ ‘ಟ್ಯಾಕ್ಸಾನಮಿ’ (ವರ್ಗೀಕರಣ) ಎಂಬ ಹೆಸರಿನಲ್ಲಿ ಎಷ್ಟು ಪಟ್ಟಿಗಳನ್ನಾದರೂ ಮಾಡಬಹುದು. ಒಂದೇ ಹೂಡಿಕೆ ಪ್ರತಿ ಪಟ್ಟಿಯಲ್ಲೂ ಕಾಣಿಸಿಕೊಂಡರೂ ಒಟ್ಟು ಮೊತ್ತ ಕೆಡುವುದಿಲ್ಲ. ಆದರೆ ಒಂದೊಂದು ಪಟ್ಟಿಯೂ ಒಂದೇ ಪ್ರಶ್ನೆಗೆ ಉತ್ತರ ಕೊಡಬೇಕು. ‘ಹಣ ಯಾವ ಬಗೆಯ ಆಸ್ತಿಯಲ್ಲಿದೆ’ ಎಂಬುದಕ್ಕೆ ಈಕ್ವಿಟಿ (ಷೇರು), ಸಾಲಪತ್ರ, ಚಿನ್ನ, ನಗದು ಎಂಬ ನಾಲ್ಕೇ ವರ್ಗ. ‘ಯಾವ ಉದ್ದೇಶಕ್ಕೆ’ ಎಂಬುದಕ್ಕೆ ನಿವೃತ್ತಿ, ಮಗಳ ಓದು, ಆಪತ್ತು ಎಂಬ ಇನ್ನೊಂದು ಪಟ್ಟಿ. ಎಸ್‌ಐಪಿ ಕೊಳ್ಳುವ ವಿಧಾನ, ಡಿಮ್ಯಾಟ್ ಇಟ್ಟುಕೊಳ್ಳುವ ಜಾಗ; ಇವೆರಡೂ ವರ್ಗಗಳೇ ಅಲ್ಲ. ಇಎಲ್‌ಎಸ್‌ಎಸ್‌ಗೆ 3 ವರ್ಷದ ಲಾಕ್-ಇನ್ (ಹಣ ಹಿಂಪಡೆಯಲಾಗದ ಅವಧಿ) ಇದ್ದರೂ ಅದು ಈಕ್ವಿಟಿಯೇ. ಸರ್ಕಾರದ ಚಿನ್ನದ ಬಾಂಡಾದ ಸಾವರಿನ್ ಗೋಲ್ಡ್ ಬಾಂಡ್ ಬಡ್ಡಿ ಕೊಡುತ್ತದೆಂದು ಅದನ್ನು ಸಾಲಪತ್ರಕ್ಕೆ ಸೇರಿಸುವವರಿದ್ದಾರೆ. ಅದರ ಬೆಲೆ ಏರಿಳಿಯುವುದು ಚಿನ್ನದೊಂದಿಗೆ, ಹಾಗಾಗಿ ಅದರ ಜಾಗ ಚಿನ್ನದ ಕೆಳಗೆ.

ಈಕ್ವಿಟಿ, ಸಾಲಪತ್ರಗಳೆರಡೂ ಬೆರೆತ ಹೈಬ್ರಿಡ್ ಫಂಡುಗಳನ್ನು ಮಾತ್ರ ಒಡೆಯಲೇಬೇಕು. ಷೇರುಪೇಟೆ ನಿಯಂತ್ರಕ ಸೆಬಿಯ 2017ರ ವರ್ಗೀಕರಣದಂತೆ ಅಗ್ರೆಸಿವ್ ಹೈಬ್ರಿಡ್ ಫಂಡಿನಲ್ಲಿ ಈಕ್ವಿಟಿ ಶೇ 65ರಿಂದ 80ರಷ್ಟಿರುತ್ತದೆ. ಅಂಥದ್ದರಲ್ಲಿ ₹4 ಲಕ್ಷವಿದ್ದು, ಫಂಡಿನ ಮಾಸಿಕ ಫ್ಯಾಕ್ಟ್‌ಶೀಟ್ (ವಿವರಪತ್ರ) ಈಕ್ವಿಟಿ–ಸಾಲಪತ್ರದ ಅನುಪಾತವನ್ನು 70:30 ಎಂದು ತೋರಿಸಿದರೆ, ಆ ಫಂಡನ್ನು ಈಕ್ವಿಟಿ ವರ್ಗಕ್ಕೆ ಎಳೆದು ತೂಕದ ಕಾಲಂನಲ್ಲಿ 70 ಎಂದು ಬರೆಯಿರಿ. ಉಳಿದ ₹1.2 ಲಕ್ಷ ‘ವರ್ಗೀಕರಿಸದ್ದು’ ಎಂಬ ಸಾಲಿಗೆ ಇಳಿಯುತ್ತದೆ. ಅಲ್ಲಿಂದ ಅದನ್ನು ಸಾಲಪತ್ರಕ್ಕೆ ಒಯ್ಯಬೇಕು. ಈ ಎರಡನೆಯ ಕೆಲಸವನ್ನು ಮರೆತವರೇ ‘ಲೆಕ್ಕ ತಪ್ಪುತ್ತಿದೆ’ ಎಂದು ತಂತ್ರಾಂಶವನ್ನು ದೂರುತ್ತಾರೆ. ಅನುಪಾತ ಪ್ರತಿ ತಿಂಗಳೂ ತುಸು ಬದಲಾಗುತ್ತದೆ, ಆದರೆ ಅದರ ಬೆನ್ನು ಹತ್ತಬೇಡಿ. ವರ್ಷಕ್ಕೊಮ್ಮೆ, ಏಪ್ರಿಲ್‌ನಲ್ಲಿ ತಿದ್ದಿದರೆ ಸಾಕು.

ಉದ್ಯಮವಾರು, ದೇಶವಾರು ಪಟ್ಟಿಗಳೂ ಸಾಧ್ಯ. ಆರೇಳು ಫಂಡುಗಳಿರುವವರಿಗೆ ಅವು ಅನಗತ್ಯ. ಬಿಡಿ ಷೇರುಗಳನ್ನು ಕೊಳ್ಳುವವರು ಮಾಡಿಕೊಳ್ಳಲಿ.

ವರ್ಗಗಳಿಗೆ ಗುರಿಯ ಪ್ರಮಾಣವನ್ನು ಕೊಟ್ಟು ಮರುಹೊಂದಾಣಿಕೆಯ ನೋಟ ತೆರೆದರೆ, ಯಾವುದು ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂಬುದು ರೂಪಾಯಿಯಲ್ಲೇ ಕಾಣುತ್ತದೆ. ಹೆಚ್ಚಾದದ್ದನ್ನು ಕೂಡಲೇ ಮಾರಬೇಡಿ, ಬಂಡವಾಳ ಲಾಭದ ತೆರಿಗೆ ಬೀಳುತ್ತದೆ. ಮುಂದಿನ ಕಂತುಗಳನ್ನು ಕಡಿಮೆಯಾದ ವರ್ಗದತ್ತ ತಿರುಗಿಸಿ. ಕಡತಕ್ಕೆ ಪಾಸ್‌ವರ್ಡ್ ಹಾಕಿ, ಒಂದು ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿಟ್ಟು, ಅದು ಯಾವ ಕಪಾಟಿನಲ್ಲಿದೆ ಎಂದು ಮನೆಯಲ್ಲಿ ಒಬ್ಬರಿಗಾದರೂ ಹೇಳಿರಿ.